ಮೂರು ಕಂಪ್ಯೂಟರು, ಒಂದು ರೇಡಿಯೋ ಮತ್ತು ನನ್ನ ಭಕ್ತಿ

ನಮ್ಮ ಮನೆಗೆ ಬಂದ ಯಾವ ಹೊಸ ವಸ್ತುವೂ ಇದುವರೆಗೆ ಪೂಜೆಯಿಲ್ಲದೆ ಪ್ಲಗ್ಗಿನ ಮುಖ ಕಂಡಿಲ್ಲ. ಕುಕ್ಕರ್ ಬಂದಾಗ ಕುಕ್ಕರಿಗೆ, ಮಿಕ್ಸರ್ ಬಂದಾಗ ಮಿಕ್ಸರಿಗೆ, ಗ್ಯಾಸ್ ಸಿಲಿಂಡರಿಗಂತೂ ಬಂದಾಗಲೆಲ್ಲ ವಿಭೂತಿ, ಕುಂಕುಮ, ಎರಡು ಹೂವು. ಹಾಗಾಗಿಯೇ ನಮ್ಮ ಮನೆಯ ಸಾಮಾನುಗಳು ಬಾಳಿಕೆ ಬರುತ್ತವೆ ಎಂದು ನಾನು ಬಲವಾಗಿ ನಂಬಿದ್ದೇನೆ. ಮಿಕ್ಸರಿಗೆ ಈಗ ಹದಿನಾರು ವರ್ಷ. ಶಿವನ ದಯೆ, ಇನ್ನೂ ಶೇಂಗಾ ಚಟ್ನಿ ಅರೆಯುತ್ತದೆ.

ಈ ನಂಬಿಕೆಯನ್ನು ಹೊತ್ತುಕೊಂಡೇ ನಾನು ಕಳೆದ ಶ್ರಾವಣದ ಹೊಸ್ತಿಲಲ್ಲಿ ಮೂರು ದಿನಕ್ಕೆ ಮೂರು ಊರಿನ ಮೂರು ಕಂಪ್ಯೂಟರು ನೋಡಿ ಬಂದೆ. ನೋಡಿದ್ದು ನಾನು. ಅನುಭವಿಸಿದ್ದು ಆ ಕಂಪ್ಯೂಟರುಗಳು.

ಮೊದಲ ಅಪರಾಧವೂ ನನ್ನದೇ. ಶ್ರಾವಣ ಬರುತ್ತದೆಂದು ಹಾವೇರಿಯ ನಮ್ಮ ಮನೆ ತೊಳೆಯುತ್ತಿದ್ದೆ. ಗೋಡೆಯೊಳಗಿನ ದೇವರ ಮಾಡದ ಪಕ್ಕದಲ್ಲಿ ಅತ್ತೆಯವರ ಹಳೆಯ ರೇಡಿಯೋ ಹಾಡುತ್ತ ಕುಳಿತಿತ್ತು. ಅದಕ್ಕೂ ಒಂದು ಕೈ ಒರೆಸಿದರೆ ಪುಣ್ಯ ಬಂದೀತೆಂದು ಒದ್ದೆ ಅರಿವೆ ಹಿಡಿದೆ. ಕೈ ಜಾರಿತು. ರೇಡಿಯೋ ಬಕೆಟ್ಟಿಗೆ ಬಿತ್ತು! ನೀರಿನೊಳಗಿಂದಲೂ ಅದು ಎರಡು ಕ್ಷಣ ರೈತರಿಗೆ ಸಲಹೆ ಹೇಳಿತು. ಆಮೇಲೆ ಶಿವಾ ಅಂದಿತು.

ಅತ್ತೆಯವರು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಬಕೆಟ್ಟಿನೊಳಗೆ ಇಣುಕಿ ನೋಡಿ, "ಹೋಗ್ಲಿ ಬಿಡವ್ವಾ ಗಿರಿಜಾ, ಅದರ ಋಣ ಅಷ್ಟ ಇತ್ತು" ಎಂದು ಒಳಗೆ ಹೋದರು. ನನಗೆ ಅನ್ನ ಇಳಿಯಲಿಲ್ಲ. ಏಕೆಂದರೆ ಅವರದೊಂದು ನೇಮವಿದೆ. ಶ್ರಾವಣದ ಮೊದಲ ಸೋಮವಾರದಿಂದ ತಿಂಗಳಿಡೀ, ಮುಂಜಾನೆ ರೇಡಿಯೋದಲ್ಲಿ ವಚನ ಕೇಳಿದ ಮೇಲೆಯೇ ಬಾಯಿಗೆ ನೀರು. ವಚನ ಕೇಳದ ದಿನ ಪೂರ್ತಿ ಉಪವಾಸ. ಎಪ್ಪತ್ತೆಂಟು ವರ್ಷ ವಯಸ್ಸು, ಮುಂಜಾನೆ-ಸಂಜೆ ಸಕ್ಕರೆ ಕಾಯಿಲೆಯ ಗುಳಿಗೆ. ಉಪವಾಸ ಬಿದ್ದರೆ ತಲೆ ತಿರುಗಿ ಬೀಳುವುದು ಖಂಡಿತ. ಸೋಮವಾರಕ್ಕೆ ಎಂಟು ದಿನ ಉಳಿದಿತ್ತು.

"ಫೋನಿನಾಗ ವಚನ ಹಚ್ಚಿ ಕೊಡ್ತೇನ್ರಿ ಅತ್ತೀ" ಎಂದು ಹಚ್ಚಿಕೊಟ್ಟೆ. ಅತ್ತೆಯವರು ಕೈ ಮುಗಿದು ಕಣ್ಣು ಮುಚ್ಚಿದರು. ಎರಡು ಸಾಲು ಮುಗಿಯುವಷ್ಟರಲ್ಲಿ ಫೋನು ಗಂಡಸರ ಬನಿಯನ್ನಿನ ಜಾಹೀರಾತು ಕೂಗಿತು.

"ಶರಣರ ನಡುವ ಬನಿಯನ್ ಬಂತಲ್ಲೇ!" ಎಂದು ಅವರು ಮುಗಿದ ಕೈಯಿಂದಲೇ ಕಿವಿ ಮುಚ್ಚಿಕೊಂಡರು. ಫೋನಿನ ಅಧ್ಯಾಯ ಅಲ್ಲಿಗೆ ಮುಗಿಯಿತು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ತಾಯಿಯ ಬೆರಳಿಗೆ ಸಂಧಿವಾತ, ಹಳೆಯ ರೇಡಿಯೋದ ಕಿವಿ ಹಿಂಡಲು ಅವರಿಗೆ ಹೇಗೂ ಆಗುತ್ತಿರಲಿಲ್ಲ ಎಂದು ಯೋಚಿಸಿ, ವಯಸ್ಸಾದವರಿಗೆಂದೇ ಮಾಡಿದ ಹೊಸ ನಮೂನೆಯ ರೇಡಿಯೋ ತರಿಸಿದರು. ಸಾಬೂನಿನ ಗಾತ್ರ. ಒಂದೇ ಗುಂಡಿ. ಒತ್ತಿದರೆ ಹಾಡು, ಇನ್ನೊಮ್ಮೆ ಒತ್ತಿದರೆ ಮೌನ. ತಿರುವುವುದಿಲ್ಲ, ಹುಡುಕುವುದಿಲ್ಲ. ಆದರೆ ಯಾವ ಸ್ಟೇಷನ್ ಬೇಕೆಂಬುದನ್ನು ಮೊದಲ ಸಲ ಮಾತ್ರ ಕಂಪ್ಯೂಟರಿಗೆ ವೈರು ಜೋಡಿಸಿ, ಅದರದೇ ಒಂದು ಸಾಫ್ಟ್‌ವೇರ್ ತೆರೆದು, ಒಳಗೆ ತುಂಬಿಸಬೇಕು.

ಪಾರ್ಸೆಲ್ಲು ಶುಕ್ರವಾರ ಮಧ್ಯಾಹ್ನ ಬಂತು. ಯಜಮಾನರು ಶಾಲೆಯಲ್ಲಿದ್ದರು. ಶುಕ್ರವಾರ! ಎಂಥ ಒಳ್ಳೆಯ ದಿನ! ನಾನು ಕೈಕಾಲು ತೊಳೆದು ದೀಪ ಹಚ್ಚಿ ರೇಡಿಯೋವನ್ನು ಮಣೆಯ ಮೇಲೆ ಕೂರಿಸಿದೆ. ಮೇಲೆ ಮೂರೆಳೆ ವಿಭೂತಿ ಹಚ್ಚಿದೆ. ಕುಂಕುಮ ಎಲ್ಲಿಡುವುದು? ಎಲ್ಲ ಕಡೆಯೂ ನುಣ್ಣಗೆ, ನಿಲ್ಲುತ್ತಿರಲಿಲ್ಲ. ತಿರುಗಿಸಿ ನೋಡಿದರೆ ಒಂದು ಪಕ್ಕದಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕಿಂಡಿ. ಕುಂಕುಮಕ್ಕೆಂದೇ ಮಾಡಿಟ್ಟಂತಿತ್ತು! ಇದನ್ನು ಮಾಡಿದವನು ಯಾರೋ ಸಂಸ್ಕಾರವಂತನೇ ಇರಬೇಕು ಎಂದುಕೊಂಡು, ಉಂಗುರ ಬೆರಳಿನಿಂದ ತುಂಬುವಷ್ಟು ಇಟ್ಟೆ. ಜೊತೆಗೆ ಬಂದ ಇಂಗ್ಲಿಷ್ ಚೀಟಿಗೂ ಲಗ್ನಪತ್ರಿಕೆಗೆ ಹಚ್ಚಿದ ಹಾಗೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದೆ. ಊದಿನಕಡ್ಡಿ ಬೆಳಗಿದೆ. ಯಾವುದಕ್ಕೂ ಕೊರತೆಯಾಗಲಿಲ್ಲ.

ಸಂಜೆ ಯಜಮಾನರು ಬಂದು ಚಹಾ ಕುಡಿದು ಕಂಪ್ಯೂಟರಿನ ಮುಂದೆ ಕುಳಿತರು.

ಇಲ್ಲಿ ಒಂದು ಮಾತು ಹೇಳಬೇಕು. ಪ್ರತಿ ಕಂಪ್ಯೂಟರಿನೊಳಗೂ ಆಪರೇಟಿಂಗ್ ಸಿಸ್ಟಮ್ ಎಂದು ಒಂದು ಇರುತ್ತದಂತೆ. ನನಗೆ ತಿಳಿದ ಮಟ್ಟಿಗೆ ಅದು ಮನೆ ನಡೆಸುವ ಹೆಂಗಸಿದ್ದ ಹಾಗೆ. ಯಾರು ಒಳಗೆ ಬರಬೇಕು, ಯಾರು ಪಡಸಾಲೆಯಲ್ಲೇ ಕೂರಬೇಕು, ಯಾವುದು ಎಲ್ಲಿರಬೇಕು, ಎಲ್ಲವನ್ನೂ ಅವಳೇ ನೋಡುತ್ತಾಳೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಇರುವವಳು ಲಿನಕ್ಸ್. ಪುಕ್ಕಟೆ ಸಿಗುತ್ತದೆ, ವೈರಸ್ ಬರುವುದಿಲ್ಲ ಎಂಬುದು ಯಜಮಾನರ ವಾದ. ನಿಮ್ಮ ಹೊರತು ಮನೆಯಲ್ಲಿ ಯಾರಿಗೂ ಅದನ್ನು ನಡೆಸಲು ಬರುವುದಿಲ್ಲ ಎಂಬುದು ನನ್ನ ವಾದ. ರೇಡಿಯೋದ ಚೀಟಿಯಲ್ಲಿ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ನಡೆಯುತ್ತದೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

ಯಜಮಾನರು ಕಪ್ಪು ಪರದೆಯ ಮೇಲೆ ಏನೋ ಬರೆದರು. ಅದು ಉತ್ತರ ಕೊಟ್ಟಿತು.

"ಏನ್ ಅಂತೈತ್ರಿ?" ಎಂದೆ.

"ಅನುಮತಿ ಇಲ್ಲ ಅಂತೈತಿ."

"ನಿಮ್ಮದ ಕಂಪ್ಯೂಟರು, ನಿಮಗ ಅನುಮತಿ ಇಲ್ಲೇನ್ರಿ?"

"ಸುಮ್ಕ ಕುಂದರ್ತೀಯೇನು? ಪಾಸ್‌ವರ್ಡ್ ಕೇಳಾಕತ್ತೈತಿ."

ಪಾಸ್‌ವರ್ಡ್ ಕೊಟ್ಟರು. ಇನ್ನೊಂದು ಅನುಮತಿ ಕೇಳಿತು. ಅದನ್ನೂ ಕೊಟ್ಟರು. ಇಷ್ಟು ಬಿಗಿಯಾಗಿ ಮನೆ ನಡೆಸುವ ಹೆಂಗಸನ್ನು ನಾನು ಕಂಡಿಲ್ಲ. ಒಂದು ತಾಸಿನ ಮೇಲೆ ಸಾಫ್ಟ್‌ವೇರಿನ ಕಿಟಕಿ ತೆರೆದುಕೊಂಡಿತು. ಯಜಮಾನರು ಹುರುಪಿನಿಂದ ವೈರಿನ ಒಂದು ತುದಿಯನ್ನು ಕಂಪ್ಯೂಟರಿಗೂ ಇನ್ನೊಂದನ್ನು ರೇಡಿಯೋದ ಕಿಂಡಿಗೂ ತುರುಕಿದರು. ತುರುಕುವ ಮೊದಲು ಕಿಂಡಿಯೊಳಗೆ ಇಣುಕಿ, "ಒಳಗ ಸಣ್ಣಗ ಕೆಂಪು ಲೈಟ್ ಹತ್ತೈತಿ. ಅಂದ್ರ ಚಾಲೂ ಐತಿ" ಎಂದರು.

ನನಗೆ ಸಮಾಧಾನವಾಯಿತು. ಪೂಜೆ ಫಲಿಸಿದೆ!

ಕಂಪ್ಯೂಟರು ಮಾತ್ರ 'ರೇಡಿಯೋ ಸಿಗಲಿಲ್ಲ' ಎಂದಿತು.

"ಕಣ್ಣಿಲ್ಲೇನದಕ್ಕ? ಮೂಗಿನ ಮುಂದ ಐತಲ್ರಿ!" ಎಂದೆ. ಯಜಮಾನರು ವೈರು ಕಿತ್ತು ತುರುಕಿದರು. ಸಿಗಲಿಲ್ಲ. ಒತ್ತಿ ಒತ್ತಿ ತುರುಕಿದರು. ಸಿಗಲಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದರು. ಅನುಮತಿ ಕೇಳಿತು! ಊಟದ ಹೊತ್ತಿಗೆ ಯಜಮಾನರು ತಮ್ಮ ತೀರ್ಪು ಪ್ರಕಟಿಸಿದರು. "ಇದು ಲಿನಕ್ಸ್ ಜೋಡಿ ಹೊಂದ್ಕೊಳ್ಳಾಂಗಿಲ್ಲ. ಮ್ಯಾಕ್ ಬೇಕು. ರಾಣೇಬೆನ್ನೂರಾಗ ನಮ್ಮ ಸುವರ್ಣಾನ ಮನ್ಯಾಗ ಐತಿ, ನಾಳೆ ಹೋಗಿ ಬಾ."

ಸುವರ್ಣಾ ನನ್ನ ನಾದಿನಿ. ಅವಳ ಗಂಡ ಶೇಖಣ್ಣನಿಗೆ ಫೋಟೋ ಸ್ಟುಡಿಯೋ ಇದೆ. ಮದುವೆ ಆಲ್ಬಮ್ ಮಾಡಲು ಮ್ಯಾಕ್ ಇಟ್ಟುಕೊಂಡಿದ್ದಾನೆ. ಶನಿವಾರ ಮುಂಜಾನೆ ಹೊರಡುವ ಮೊದಲು ನನಗೆ ಒಂದು ಸಂಶಯ ಬಂತು. ನಿನ್ನೆಯ ಪೂಜೆ ಅವಸರದಲ್ಲಿ ಆಗಿರಬಹುದೇ? ಭಕ್ತಿ ಕಡಿಮೆಯಾಗಿರಬಹುದೇ? ಮತ್ತೆ ಮಣೆ ಹಾಕಿ, ಕಿಂಡಿಗೆ ಇನ್ನೊಂದು ಬೆರಳು ಕುಂಕುಮ ಇಟ್ಟು, ರೇಡಿಯೋವನ್ನು ರೇಷ್ಮೆ ಖಣದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಅದೂ ಕಿಟಕಿಯ ಪಕ್ಕದ ಸೀಟು. ದೇವರು ದೊಡ್ಡವನು.

ಸ್ಟುಡಿಯೋದಲ್ಲಿ ಶೇಖಣ್ಣನ ಪಕ್ಕ ಕರ್ಜಗಿಯ ಮದುಮಗನೊಬ್ಬ ತನ್ನ ಆಲ್ಬಮ್ ನೋಡುತ್ತ ಕುಳಿತಿದ್ದ. ಪರದೆಯ ತುಂಬ ಅವನ ಹೆಂಡತಿ.

"ಬರ್ರಿ ವೈನಿ, ಕುಂದರ್ರಿ" ಎಂದು ಸುವರ್ಣಾ ಒಳಗಿಂದ ಬಂದಳು. "ಅವ್ವಾ ಹೆಂಗದಾಳ?"

"ಸೋಮವಾರದ ತನಕ ಅಡ್ಡಿಯಿಲ್ಲವ್ವಾ. ಅದಕ್ಕ ಓಡಿ ಬಂದೇನಿ" ಎಂದು ಎಲ್ಲ ಹೇಳಿದೆ. ಶೇಖಣ್ಣ ಒಳ್ಳೆಯವನು. ಅತ್ತೆಯ ನೇಮದ ಮಾತು ಕೇಳಿ ಮದುಮಗನನ್ನು ಪಕ್ಕಕ್ಕೆ ಸರಿಸಿ ಕೂಡಲೇ ಕೆಲಸ ಹಿಡಿದ.

ಮ್ಯಾಕ್ ಎಂಬ ಮನೆಯೊಡತಿಯ ಬಿಗುಮಾನವೇ ಬೇರೆ. ಸಾಫ್ಟ್‌ವೇರ್ ಇಳಿಸಿಕೊಂಡು ಬಾಗಿಲಿಗೆ ಬಂದರೆ, 'ಇದನ್ನು ಮಾಡಿದವರು ಯಾರೆಂದು ನನಗೆ ಖಾತ್ರಿಯಿಲ್ಲ, ಒಳಗೆ ಬಿಡುವುದಿಲ್ಲ' ಎಂದಳು. ಹೆಣ್ಣು ಕೇಳಲು ಬಂದವರ ಮನೆತನ ವಿಚಾರಿಸಿದ ಹಾಗೆ! ಶೇಖಣ್ಣ ಯಾವ ಯಾವುದೋ ಒಳಕೋಣೆಗೆ ಹೋಗಿ 'ನಮಗೆ ಗೊತ್ತಿದ್ದವರೇ, ಬಿಡು' ಎಂದು ಬರೆದ. ಆಗ ಮ್ಯಾಕ್, ಒಮ್ಮೆ ಆರಿಸಿ ಹಚ್ಚಬೇಕಾದೀತು ಎಂದು ಏನೋ ಕೇಳಿತು. ಶೇಖಣ್ಣ ಬೇರೆ ಕೇಬಲ್ಲು ಹುಡುಕಲು ಬಗ್ಗಿದ್ದ. ಸೇವೆಗೆಂದು ನಾನೇ ಗುಂಡಿ ಒತ್ತಿದೆ.

ಪರದೆ ಕಪ್ಪಾಯಿತು. ಕರ್ಜಗಿಯ ಮದುಮಗ ಎದ್ದು ನಿಂತ.

"ಅಣ್ಣಾರ, ನನ್ನ ಹೆಂಡ್ತಿ ಎಲ್ಲಿ ಹೋದ್ಲು?"

ಶೇಖಣ್ಣ ಮೇಲೆದ್ದು ಪರದೆ ನೋಡಿದ, ನನ್ನನ್ನು ನೋಡಿದ, ಮತ್ತೆ ಪರದೆ ನೋಡಿದ. "ಇರ್ಲಿ ಬಿಡ್ರಿ ಅಕ್ಕಾ" ಎಂದ. ಆ 'ಇರ್ಲಿ'ಯ ಉದ್ದ ನನಗೆ ಇಂದಿಗೂ ನೆನಪಿದೆ. ಶಿವನ ದಯೆ, ಹೆಂಡತಿ ಸುರಕ್ಷಿತವಾಗಿ ಹಿಂದಿರುಗಿದಳು. ಕೊನೆಯ ಮೂರು ಪುಟ ಮಾತ್ರ ಹೋಗಿದ್ದವು. ಅದರಲ್ಲಿ ಇದ್ದದ್ದು ಹುಡುಗಿಯ ಸೋದರಮಾವಂದಿರು.

"ಅವು ಹ್ವಾದ್ರ ಹೋಗ್ಲಿ ಬಿಡ್ರಿ" ಎಂದ ಮದುಮಗ. ಮದುವೆಯಲ್ಲಿ ಏನು ನಡೆದಿತ್ತೋ ನಾನು ಕೇಳಲಿಲ್ಲ.

ಸಾಫ್ಟ್‌ವೇರ್ ತೆರೆಯಿತು. ಶೇಖಣ್ಣ ವೈರು ಜೋಡಿಸಿದ. 'ರೇಡಿಯೋ ಸಿಗಲಿಲ್ಲ.' ಅದೇ ಮಾತು, ಅಕ್ಷರ ಮಾತ್ರ ಇನ್ನಷ್ಟು ಚೆಂದ!

"ಇದು ವಿಂಡೋಸ್‌ದಾಗ ಆಗ್ತೈತಿ ನೋಡ್ರಿ ಅಕ್ಕಾ" ಎಂದು ಶೇಖಣ್ಣ ನನ್ನನ್ನು ಬಾಗಿಲವರೆಗೂ ಬಂದು ಕಳಿಸಿಕೊಟ್ಟ. ಅಷ್ಟು ಅಕ್ಕರೆಯಿಂದ ಅವನು ನನ್ನನ್ನು ಹಿಂದೆಂದೂ ಕಳಿಸಿಕೊಟ್ಟಿರಲಿಲ್ಲ. ಸುವರ್ಣಾ ನನಗೆ ಅರಿಶಿನ ಕುಂಕುಮ ಕೊಟ್ಟು, ಉಡಿ ತುಂಬಿ, "ಪಾಪ, ಇದಕ್ಕೂ ಹಚ್ತೇನಿ, ಅವ್ವಾನ ನೇಮ ನಡೀಲಿ" ಎಂದು ರೇಡಿಯೋದ ಕಿಂಡಿಗೂ ಒಂದು ಬೆರಳು ಇಟ್ಟಳು. ಎಂಥ ಮಗಳು! ನನ್ನ ಕಣ್ಣು ತುಂಬಿ ಬಂತು.

ಆ ಸಂಜೆ ಅತ್ತೆಯವರು, "ಆಗದಿದ್ರ ಬಿಡವ್ವಾ. ಮೂವತ್ತು ವರ್ಷ ನಡೀತು, ಈ ವರ್ಷ ಉಪಾಸ ಮಾಡಿದ್ರಾತು" ಎಂದರು. ಇನ್ನು ಬೇಡವೆಂಬಂತೆ ಗುಳಿಗೆಯ ಡಬ್ಬಿಯನ್ನು ದೇವರ ಮಾಡದ ಹಿಂದಕ್ಕೆ ಸರಿಸಿಟ್ಟರು.

ಭಾನುವಾರ ಬ್ಯಾಡಗಿಗೆ ಹೊರಟೆ. ಅಲ್ಲಿ ನನ್ನ ಅಣ್ಣ ಮಲ್ಲಣ್ಣನದು ಮೆಣಸಿನಕಾಯಿ ದಲಾಲಿ ಅಂಗಡಿ. ಬಿಲ್ಲು ಬರೆಯಲು ಹಳೆಯ ವಿಂಡೋಸ್ ಕಂಪ್ಯೂಟರ್ ಇದೆ. ಮಾರುಕಟ್ಟೆಯಲ್ಲಿ ಸುಗ್ಗಿ ಇರಲಿಲ್ಲ. ಆದರೆ ಅಲ್ಲಿಯ ಘಾಟು ಸುಗ್ಗಿ ಮುಗಿಯಿತೆಂದು ಊರು ಬಿಟ್ಟು ಹೋಗುವುದಿಲ್ಲ. ಗೇಟು ದಾಟುವಾಗ ಒಂದು ಸೀನು, ಅಂಗಡಿ ಮೆಟ್ಟಿಲಿಗೆ ಎರಡು, ಕಂಪ್ಯೂಟರಿನ ಮುಂದೆ ಕುಳಿತಾಗ ಲೆಕ್ಕ ತಪ್ಪಿತು.

ಅಂಗಡಿಯ ದಿವಾಣಜಿ ಖಾದರಸಾಬರು ಹಿರಿಯರು, ಬಿಲ್ಲು ಬರೆಯುವ ಕೆಲಸ ಅವರದೇ. "ಘಾಬರಿ ಆಗಬ್ಯಾಡ್ರಿ ಅಕ್ಕಾ, ನಿಮ್ಮ ಅತ್ತಿಯವರ ಕೆಲಸ ಅಂದ್ರ ದೇವರ ಕೆಲಸ" ಎಂದು ಕಂಪ್ಯೂಟರ್ ಹಚ್ಚಿದರು. ವಿಂಡೋಸ್ ಎಂಬ ಮನೆಯೊಡತಿ ಯಾರನ್ನೂ ತಡೆಯುವುದಿಲ್ಲ, ಮನೆತನವನ್ನೂ ಅಷ್ಟಾಗಿ ವಿಚಾರಿಸುವುದಿಲ್ಲ. ಆದರೆ ಅತಿಥಿ ಬಾಗಿಲಿಗೆ ಬಂದ ಮೇಲೆಯೇ ಜಡೆ ಹಾಕಿಕೊಳ್ಳಲು ಕೂರುತ್ತಾಳೆ. 'ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಕಾಯಿರಿ.' ಕಾದೆವು. ಅಣ್ಣ ಗಿರ್ಮಿಟ್ಟು ತರಿಸಿದ. ತಿಂದೆವು. ಕಾದೆವು. ಮಿರ್ಚಿ ಭಜಿ ತರಿಸಿದ. ಮೆಣಸಿನಕಾಯಿ ಅಂಗಡಿಯಲ್ಲಿ ಕುಳಿತು ಮಿರ್ಚಿ ತಿಂದವರ ಗತಿ ಏನೆಂದು ನಾನು ವಿವರಿಸುವುದಿಲ್ಲ.

ಕೊನೆಗೆ ಸಾಫ್ಟ್‌ವೇರ್ ತೆರೆಯಿತು. ಖಾದರಸಾಬರು ಬಿಸ್ಮಿಲ್ಲಾ ಎಂದರು, ನಾನು ಓಂ ನಮಃ ಶಿವಾಯ ಎಂದೆ, ವೈರು ಕಿಂಡಿಯೊಳಗೆ ಹೋಯಿತು.

'ರೇಡಿಯೋ ಸಿಗಲಿಲ್ಲ.'

ನಾನು ಅಲ್ಲೇ ಮೆಣಸಿನಕಾಯಿ ಚೀಲದ ಮೇಲೆ ಕುಳಿತು ಅತ್ತುಬಿಟ್ಟೆ. "ಮೂರು ಊರು ಆತು ಅಣ್ಣಾ, ಮೂರು ಕಂಪ್ಯೂಟರೂ ಆತು. ನಾಳೆ ಅತ್ತಿ ನೀರ ಮುಟ್ಟಾಂಗಿಲ್ಲ!" ಘಾಟಿಗೆ ಬಂದ ಕಣ್ಣೀರೂ ದುಃಖದ ಕಣ್ಣೀರೂ ಒಂದೇ ಸೆರಗಿನಲ್ಲಿ ಒರೆಸಿಕೊಂಡೆ.

ಅಣ್ಣ ವೈರು ಹೊರಗೆಳೆದು, ಇದುವರೆಗೆ ಯಾರೂ ನೋಡದ ಅದರ ತುದಿ ನೋಡಿದ. ಅವನ ಮುಖ ಇಳಿಯಿತು. ತುದಿಯೆಲ್ಲ ಕೆಂಪು.

"ಅಯ್ಯ ತಂಗೀ, ನಮ್ಮ ಅಂಗಡಿ ಧೂಳು ಹೊಕ್ಕೈತಲ್ಲವ್ವಾ!" ಎಂದ.

ನನಗೆ ಎಲ್ಲಿಲ್ಲದ ಬಲ ಬಂತು. ಅಳು ನಿಲ್ಲಿಸಿ ಎದ್ದೆ. "ನೋಡು! ನಾ ಹೇಳೇ ಹೇಳ್ತಿದ್ನಿ! ಕಂಪ್ಯೂಟರ್ ಇರೋ ಜಾಗಾನ ಇದು? ದಿನಾ ಒಂದ್ ಸಲ ಅರಿವಿ ಹಿಡಿದು ಒರಸಾಕ ಏನಾಗೈತಿ? ಸ್ವಚ್ಛ ಇದ್ದಲ್ಲಿ ದೇವರಿರ್ತಾನ! ಅಲ್ಲಿಂದ ಒಂದು ಕಣ ಧೂಳು ತಾಗದಂಗ ಖಣದಾಗ ಸುತ್ತಿಕೊಂಡು ಬಂದೇನಿ, ನೀ ಒಂದ ಗಳಿಗ್ಯಾಗ ಹಾಳು ಮಾಡಿದಿ!" ಇನ್ನೂ ಬಹಳ ಹೇಳಿದೆ. ಅಣ್ಣ ತಲೆ ತಗ್ಗಿಸಿ ಕೇಳಿದ. ಖಾದರಸಾಬರು ಪಾಪ, ಅಷ್ಟರಲ್ಲೇ ಟೇಬಲ್ ಒರೆಸತೊಡಗಿದರು.

ಆದರೆ ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವನ ಕೈಗೆ ಕೆಂಪು ಪುಡಿ ಸಿಕ್ಕರೆ ಸುಮ್ಮನಿರುವುದಿಲ್ಲ. ಬೈಗುಳ ಕೇಳುತ್ತಲೇ ಅಣ್ಣ ವೈರಿನ ತುದಿಯ ಪುಡಿಯನ್ನು ಅಂಗೈಗೆ ಉದುರಿಸಿಕೊಂಡು, ಹೆಬ್ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿದು ನೋಡಿದ. ಮಾಲು ಬಂದಾಗ ಬಣ್ಣ ನೋಡುವುದು ಹೀಗೆಯೇ. ಆಮೇಲೆ ಮೂಗಿಗೆ ಹಿಡಿದ. ಸೀನಲಿಲ್ಲ.

"ಗಿರಿಜವ್ವಾ" ಎಂದ ನಿಧಾನವಾಗಿ, "ಇದು ನಮ್ಮ ಮಾಲಲ್ಲ."

"ಮತ್ತೇನು?"

"ಘಾಟಿಲ್ಲ. ಎಣ್ಣಿ ಅಂಶ ಇಲ್ಲ. ಖಾದರಸಾಬ್ರ, ನೀವ್ ನೋಡ್ರಿ."

ಖಾದರಸಾಬರೂ ತಿಕ್ಕಿದರು, ಮೂಸಿದರು. ಅವರೂ ಸೀನಲಿಲ್ಲ. ಇಬ್ಬರೂ ಒಟ್ಟಿಗೆ ತಲೆ ಎತ್ತಿ ನೋಡಿದರು. ಕಂಪ್ಯೂಟರನ್ನಲ್ಲ, ರೇಡಿಯೋವನ್ನಲ್ಲ. ನನ್ನ ಹಣೆಯನ್ನು!

ಆ ಗಳಿಗೆಯಲ್ಲಿ ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೂ ನಾನು ಮೊದಲು ಅದಕ್ಕೆ ಕುಂಕುಮ ಇಟ್ಟೇ ಇಳಿಯುತ್ತಿದ್ದೆ.

ಖಾದರಸಾಬರು ದಪ್ಪ ಸೂಜಿ, ಹಲ್ಲುಜ್ಜುವ ಹಳೆಯ ಬ್ರಶ್ ತಂದು ಬಿಳಿ ಕಾಗದದ ಮೇಲೆ ರೇಡಿಯೋವನ್ನು ಬಗ್ಗಿಸಿ ಕೆದರಿದರು. ಬಂತು ನೋಡಿ! ಮೊದಲು ಸುವರ್ಣಾನ ಅರಿಶಿನ-ಕುಂಕುಮ, ಅದರ ಕೆಳಗೆ ನನ್ನ ಶನಿವಾರದ ಭಕ್ತಿ, ತಳದಲ್ಲಿ ವೈರು ಒತ್ತಿ ಒತ್ತಿ ಗಟ್ಟಿಯಾದ ಶುಕ್ರವಾರದ ಭಕ್ತಿ. "ಇನ್ನ ಎರಡು ದಿನ ಬಿಟ್ಟಿದ್ರ ಇದರಾಗ ಒಂದು ಭರಣಿ ತುಂಬತಿತ್ತು" ಎಂದ ಅಣ್ಣ. ಬೈಸಿಕೊಂಡವನು, ಅನ್ನುವ ಹಕ್ಕಿತ್ತು.

ಖಾದರಸಾಬರು ನಾನು ಜೊತೆಗೆ ತಂದಿದ್ದ ಇಂಗ್ಲಿಷ್ ಚೀಟಿ ಎತ್ತಿಕೊಂಡರು. "ಅಕ್ಕಾ, ಈ ಮೂಲ್ಯಾಗ ಒಂದು ಸಾಲು ಅರಿಷಿಣದಾಗ ಮುಚ್ಚಿ ಹೋಗೈತಿ ನೋಡ್ರಿ." ಉಗುರಿನಿಂದ ಕೆರೆದು ಓದಿ, ಕನ್ನಡದಲ್ಲಿ ಮೆತ್ತಗೆ ಹೇಳಿದರು. "ವೈರು ಹಾಕು ಕಿಂಡ್ಯಾಗ ಯಾವುದೂ ಪುಡಿ ಹೋಗದಂಗ ನೋಡ್ಕೋರಿ ಅಂತ ಬರದಾರ."

ಮತ್ತೆ ವೈರು ಹಾಕಿದರು. 'ರೇಡಿಯೋ ಸಿಕ್ಕಿತು.'

ಎರಡೇ ನಿಮಿಷದ ಕೆಲಸ! ಧಾರವಾಡ ಸ್ಟೇಷನ್ನಿನ ಸಂಖ್ಯೆ ತುಂಬಿದರು, ಉಳಿಸಿದರು, ಗುಂಡಿ ಒತ್ತಿದರು. ರೇಡಿಯೋ ಬಾಯಿ ಬಿಟ್ಟಿತು. ಬಕೆಟ್ಟಿನಲ್ಲಿ ನಿಂತು ಹೋಗಿದ್ದ ರೈತರ ಸಲಹೆಯನ್ನು ಅಲ್ಲಿಂದಲೇ ಮುಂದುವರಿಸಿದ ಹಾಗೆ, ಮೆಣಸಿನ ಗಿಡದ ಮುಟುರು ರೋಗದ ಬಗ್ಗೆ ಹೇಳತೊಡಗಿತು. ಅಣ್ಣನೂ ಖಾದರಸಾಬರೂ ಕಿವಿಗೊಟ್ಟು ನಿಂತರು. ನಾನು ಚೀಲಕ್ಕೆ ಒರಗಿ ಮೂರೂ ಮನೆಯೊಡತಿಯರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಲಿನಕ್ಸ್ ಬಾಗಿಲು ತೆರೆದಿದ್ದಳು, ಮ್ಯಾಕ್ ತೆರೆದಿದ್ದಳು, ವಿಂಡೋಸ್ ಜಡೆ ಹಾಕಿಕೊಂಡು ತೆರೆದಿದ್ದಳು. ಬಾಗಿಲಿಗೆ ಬಂದವನ ಬಾಯಿಗೆ ಕುಂಕುಮ ತುಂಬಿ ಕಳಿಸಿದವಳು ನಾನು!

ಯಜಮಾನರಿಗೆ ಫೋನ್ ಮಾಡಿದೆ. ಅವರು ನಕ್ಕರು. ನಕ್ಕು ನಕ್ಕು ಕೆಮ್ಮಿದರು. ಮುಗಿಯುವವರೆಗೂ ಕಾದು ಕೇಳಿದೆ. "ಒಳಗ ಕೆಂಪು ಲೈಟ್ ಹತ್ತೈತಿ ಅಂದವರು ಯಾರ್ರಿ?"

ಫೋನು ತಣ್ಣಗಾಯಿತು. ದೇವರು ದೊಡ್ಡವನು, ಪಾಲು ಹಂಚಿಕೊಳ್ಳಲು ಒಬ್ಬರನ್ನು ಕೊಟ್ಟಿರುತ್ತಾನೆ.

ಸೋಮವಾರ ಮುಂಜಾನೆ ಅತ್ತೆಯವರು ಸ್ನಾನ ಮಾಡಿ ವಿಭೂತಿ ಧರಿಸಿ ಮಣೆಯ ಮೇಲೆ ಕುಳಿತರು. ರೇಡಿಯೋ ಮುಂದಿಟ್ಟೆ. ಸೊಟ್ಟ ಬೆರಳಿನಿಂದ ತಾವೇ ಗುಂಡಿ ಒತ್ತಿದರು. ಮೊದಲು ಬರೀ ಗರಗರ ಸದ್ದು. ಆಮೇಲೆ ತಂಬೂರಿಯ ನಾದ, ಅದರ ಹಿಂದೆ ವಚನ, ನಡುವೆ ಯಾವ ಬನಿಯನ್ನೂ ಇಲ್ಲದೆ. ಮುಗಿಯುವವರೆಗೂ ಅವರು ಕಣ್ಣು ತೆರೆಯಲಿಲ್ಲ. ನಾನು ನೀರು ಕೊಟ್ಟೆ, ಗುಳಿಗೆ ಕೊಟ್ಟೆ, ಚಹಾ ಕೊಟ್ಟೆ. ಮೂರನ್ನೂ ತೆಗೆದುಕೊಂಡರು. ಇನ್ನೇನು ಬೇಕು ನನಗೆ?

ಚಹಾದ ಬಟ್ಟಲು ಕೆಳಗಿಟ್ಟು ರೇಡಿಯೋವನ್ನು ಪ್ರೀತಿಯಿಂದ ತಿರುಗಿಸಿ ನೋಡಿದರು. ಸೂಜಿ, ಬ್ರಶ್ಶಿನಿಂದ ತಿಕ್ಕಿ ಹೊಳೆಯುತ್ತಿದ್ದ ಕಿಂಡಿ ಅವರ ಕಣ್ಣಿಗೂ ಬಿತ್ತು.

"ಅಲ್ಲವ್ವಾ ಗಿರಿಜಾ, ಹೊಸಾ ಸಾಮಾನು, ಹಂಗ ಖಾಲಿ ಇಟ್ಟೀಯಲ್ಲ! ಪೂಜಿ ಮಾಡಿಲ್ಲೇನು?" ಎನ್ನುತ್ತ ಕುಂಕುಮದ ಭರಣಿಗೆ ಕೈ ಹಾಕಿದರು.

"ಅತ್ತೀ!" ಎಂದು ನಾನು ಹಾರಿದೆ. ಯಜಮಾನರೂ ಹಾರಿದರು. ಭರಣಿ ಉರುಳಿತು, ಪಡಸಾಲೆಯೆಲ್ಲ ಕೆಂಪಾಯಿತು. ರೇಡಿಯೋ ಮಾತ್ರ ಯಜಮಾನರ ಕೈಯಲ್ಲಿ ಸುರಕ್ಷಿತ.

ಅವತ್ತೇ ಅವರು ಕನ್ನಡಿಯ ಮೂಲೆಯಲ್ಲಿ ನಾನು ಅಂಟಿಸಿಟ್ಟಿದ್ದ, ಹಣೆಗೆ ಹಚ್ಚುವ ದೊಡ್ಡ ಕೆಂಪು ಟಿಕಳಿ ಒಂದನ್ನು ಕಿತ್ತು ಆ ಕಿಂಡಿಯ ಮೇಲೆ ಗಟ್ಟಿಯಾಗಿ ಅಂಟಿಸಿದರು. ಈಗಲೂ ಇದೆ. ಬಂದವರೆಲ್ಲ, ರೇಡಿಯೋಕ್ಕೂ ಕುಂಕುಮ ಇಟ್ಟಿದ್ದೀರಲ್ಲ, ಎಂಥ ಭಕ್ತಿ ಎನ್ನುತ್ತಾರೆ. ನಾನು ನಕ್ಕುಬಿಡುತ್ತೇನೆ. ನನ್ನ ಹಣೆಯ ಮೇಲಿನ ಟಿಕಳಿ ಇರುವುದು ನನ್ನ ಸೌಭಾಗ್ಯಕ್ಕೆ. ರೇಡಿಯೋದ ಮೇಲಿನದು ಇರುವುದು, ನನ್ನಿಂದ ಅದನ್ನು ಕಾಪಾಡಲಿಕ್ಕೆ.